ಎಐ ಏಜೆಂಟ್ ಕೈಗೆ ಕಂಪನಿಯ ಚೆಕ್‌ಬುಕ್: ಉಳಿತಾಯ ಎಲ್ಲಿ, ಅಪಾಯ ಎಲ್ಲಿ?



ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ, ಸಪ್ಲೈಯರ್‌ಗಳ ಬಿಲ್ ಪಾವತಿಗೆ ಎಐ ಏಜೆಂಟ್ ತರುವ ಯೋಜನೆ ಶುರುವಾಯಿತು. ಅದರ ಖರ್ಚು ಮತ್ತು ಉಳಿತಾಯದ ಎಕ್ಸೆಲ್ ಶೀಟ್ ಮಾಡಿದವನು ನಾನೇ. ಅದರಲ್ಲಿ ಒಂದು ಸಾಲು ಹೀಗಿತ್ತು: ಅಕೌಂಟ್ಸ್ ಪೇಯಬಲ್ ವಿಭಾಗದಲ್ಲಿ ಆರು ಜನರ ಬದಲು ಇಬ್ಬರು. ಉಳಿದ ನಾಲ್ವರ ಸಂಬಳವೇ ಯೋಜನೆಯ ಮುಖ್ಯ ಉಳಿತಾಯ.

ಪ್ರಯೋಗದ ಮೂರನೇ ವಾರ, ಆ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಒಬ್ಬ ಮಹಿಳೆ ಪಾವತಿ ಪಟ್ಟಿ ನೋಡುತ್ತಾ, "ಈ ಮೊತ್ತ ಹೋದ ವಾರವೂ ನೋಡಿದ ಹಾಗಿದೆಯಲ್ಲ" ಎಂದರು. ತೆಗೆದು ನೋಡಿದರೆ ಹೌದು. 38,400 ಡಾಲರ್‌ನ ಒಂದೇ ಬಿಲ್ ಎರಡನೇ ಸಲ ಪಾವತಿಗೆ ಸಿದ್ಧವಾಗಿತ್ತು. ಆ ಸಪ್ಲೈಯರ್ ನಮ್ಮ ಸಿಸ್ಟಮ್‌ನಲ್ಲಿ ಎರಡು ಕಡೆ ದಾಖಲಾಗಿದ್ದ. ಒಂದು ಕಡೆ ಹೆಸರಿನ ಕೊನೆಗೆ "ಇಂಕ್" ಇತ್ತು, ಇನ್ನೊಂದು ಕಡೆ ಇರಲಿಲ್ಲ. ಸಿಸ್ಟಮ್ ಪಾಲಿಗೆ ಅವು ಎರಡು ಬೇರೆ ಕಂಪನಿಗಳು. ಸಪ್ಲೈಯರ್ ನೆನಪಿಸಲು ಮತ್ತೊಮ್ಮೆ ಕಳಿಸಿದ ಬಿಲ್ಲನ್ನು ಏಜೆಂಟ್ ಎರಡನೇ ಹೆಸರಿಗೆ ಹಾಕಿ, ತನಗೆ ಹೇಳಿದ ಎಲ್ಲ ನಿಯಮಗಳನ್ನೂ ಪಾಲಿಸಿ ಮುಂದೆ ಕಳಿಸಿತ್ತು.

ತಪ್ಪು ಹಿಡಿದ ಆ ಮಹಿಳೆ, ನನ್ನ ಶೀಟಿನಲ್ಲಿ "ಉಳಿತಾಯ" ಎಂದು ಬರೆದಿದ್ದ ನಾಲ್ವರಲ್ಲಿ ಒಬ್ಬರು.

ಆ ದಿನದಿಂದ ಯಾವ ಕಂಪನಿ "ಎಐನಿಂದ ಇಷ್ಟು ಉಳಿಸುತ್ತೇವೆ" ಎಂದರೂ ನಾನು ಮೊದಲು ಕೇಳುವ ಪ್ರಶ್ನೆ ಬೇರೆಯಾಗಿದೆ. ಏಜೆಂಟ್ ಎಷ್ಟು ಜಾಣ ಅನ್ನುವುದಲ್ಲ. ಅದು ಯಾವ ಪುಸ್ತಕ ಓದುತ್ತಿದೆ, ಯಾವ ಪುಸ್ತಕದಲ್ಲಿ ಬರೆಯಲು ಅದಕ್ಕೆ ಅನುಮತಿ ಇದೆ, ತಪ್ಪಾದರೆ ಯಾರು ಉತ್ತರ ಕೊಡಬೇಕು? ಷೇರು ಕೊಳ್ಳುವವರಿಗೂ, ಇಂಥ ಕಂಪನಿಗಳಲ್ಲಿ ದುಡಿಯುವವರಿಗೂ ಈ ಪ್ರಶ್ನೆಗಳು ಮುಖ್ಯ. ಅದಕ್ಕೇ ಈ ಲೇಖನ.

ಮೊದಲು ಇಆರ್‌ಪಿ ಅಂದರೆ ಏನು

ಊರಲ್ಲಿ ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬಳಸಿದ್ದನ್ನು ನೋಡಿದವರಿಗೆ ಇದು ಕಷ್ಟವಲ್ಲ. ಒಂದು ಮಾರಾಟ ಎಂಟ್ರಿ ಮಾಡಿದರೆ ಸ್ಟಾಕ್ ಕಡಿಮೆಯಾಗುತ್ತದೆ, ಗ್ರಾಹಕನ ಬಾಕಿ ಏರುತ್ತದೆ, ತೆರಿಗೆ ಲೆಕ್ಕ ಸೇರುತ್ತದೆ, ಲೆಡ್ಜರ್ ತಾನೇ ಬದಲಾಗುತ್ತದೆ. ಇದನ್ನೇ ಸಾವಿರಾರು ನೌಕರರು, ಹತ್ತಾರು ದೇಶಗಳು, ಕಾರ್ಖಾನೆ, ಗೋದಾಮು, ಸಂಬಳ, ಖರೀದಿ ಎಲ್ಲಕ್ಕೂ ಹಿಗ್ಗಿಸಿದರೆ ಅದು ಇಆರ್‌ಪಿ. ಕಂಪನಿಯ ಎಲ್ಲ ವಿಭಾಗಗಳೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯುವ ವ್ಯವಸ್ಥೆ.

1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಜರ್ಮನಿಯಲ್ಲಿ ಎಸ್‌ಎಪಿ ಶುರು ಮಾಡಿದ್ದು ಇದೇ ಯೋಚನೆಯಿಂದ. ಇಂದು ಎಸ್‌ಎಪಿ, ಒರಾಕಲ್, ಮೈಕ್ರೋಸಾಫ್ಟ್ ಡೈನಾಮಿಕ್ಸ್ ಈ ಕ್ಷೇತ್ರದ ದೊಡ್ಡ ಹೆಸರುಗಳು. ನಮ್ಮಲ್ಲಿ ಎಷ್ಟೋ ಜನ ವಿದೇಶಕ್ಕೆ ಬಂದದ್ದೇ ಎಸ್‌ಎಪಿ ಅಥವಾ ಒರಾಕಲ್ ಕನ್ಸಲ್ಟೆಂಟ್ ಆಗಿ. ಎಸ್‌ಎಪಿ ಲ್ಯಾಬ್ಸ್ ಬೆಂಗಳೂರಿನಲ್ಲಿ ಶುರುವಾದದ್ದು 1998ರಲ್ಲಿ. ಹಾಗಾಗಿ ಇದು ನಮಗೆ ದೂರದ ಸುದ್ದಿಯಲ್ಲ, ಅನ್ನ ಕೊಡುವ ಸುದ್ದಿ.

ಇಆರ್‌ಪಿಯ ಸ್ವಭಾವ ಒಂದು: ಅದು ನಿಯಮ ಬಿಟ್ಟು ಅಲುಗಾಡುವುದಿಲ್ಲ. ಪರ್ಚೇಸ್ ಆರ್ಡರ್ ನಂಬರ್ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ನಿಲ್ಲುತ್ತದೆ, ಅಷ್ಟೇ. ಆ ನಂಬರ್ ಹುಡುಕಲು ಸಪ್ಲೈಯರ್‌ಗೆ ಇಮೇಲ್ ಬರೆಯುವುದು, ಗೋದಾಮಿಗೆ ಫೋನ್ ಮಾಡುವುದು, ಹಳೆಯ ಕಡತ ತೆಗೆಯುವುದು ಇವೆಲ್ಲ ಮನುಷ್ಯರ ಕೆಲಸ. ಅಕೌಂಟ್ಸ್ ವಿಭಾಗದ ದಿನದ ಬಹುಪಾಲು ಹೋಗುವುದೇ ಇಲ್ಲಿ.

ಏಜೆಂಟ್ ಮಾಡುವುದೇನು

ಈ ಖಾಲಿ ಜಾಗಕ್ಕೇ ಎಐ ಏಜೆಂಟ್ ಬರುತ್ತಿರುವುದು. ಚಾಟ್‌ಬಾಟ್ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಏಜೆಂಟ್‌ಗೆ ಒಂದು ಗುರಿ ಕೊಡುತ್ತೇವೆ, ಕೆಲವು ಉಪಕರಣಗಳನ್ನೂ ಕೊಡುತ್ತೇವೆ: ಇಮೇಲ್ ಓದುವುದು, ಇಆರ್‌ಪಿಯಲ್ಲಿ ಹುಡುಕುವುದು, ಎಂಟ್ರಿ ಮಾಡುವುದು. ಮುಂದಿನ ಹೆಜ್ಜೆ ಯಾವುದು ಎಂದು ಅದೇ ಯೋಚಿಸಿ, ಮಾಡಿ, ಫಲಿತಾಂಶ ನೋಡಿ, ಮತ್ತೆ ಮುಂದಿನ ಹೆಜ್ಜೆ ಇಡುತ್ತದೆ.

ಇದಕ್ಕಿಂತ ಮೊದಲು ಬಂದ ಆರ್‌ಪಿಎ ಬಾಟ್‌ಗಳು ಹೇಳಿಕೊಟ್ಟ ಬಟನ್‌ಗಳನ್ನು ಹೇಳಿಕೊಟ್ಟ ಕ್ರಮದಲ್ಲಿ ಒತ್ತುತ್ತಿದ್ದವು. ಸ್ಕ್ರೀನ್ ಸ್ವಲ್ಪ ಬದಲಾದರೂ ನಿಂತುಬಿಡುತ್ತಿದ್ದವು. ಏಜೆಂಟ್ ಹಾಗೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಅದರ ಶಕ್ತಿಯೂ ಅದೇ, ಅಪಾಯವೂ ಅದೇ. ನಿಂತುಹೋದ ಬಾಟ್ ನಿಮಗೆ ತಕ್ಷಣ ಗೊತ್ತಾಗುತ್ತದೆ. ತಪ್ಪು ದಾರಿಯಲ್ಲಿ ವಿಶ್ವಾಸದಿಂದ ನಡೆಯುತ್ತಿರುವ ಏಜೆಂಟ್ ಗೊತ್ತಾಗುವುದಿಲ್ಲ.

2024ರ ಕೊನೆಯಿಂದ ಈ ಕ್ಷೇತ್ರ ವೇಗ ಪಡೆಯಿತು. ಸೇಲ್ಸ್‌ಫೋರ್ಸ್ ಆ ಅಕ್ಟೋಬರ್‌ನಲ್ಲಿ ಏಜೆಂಟ್‌ಫೋರ್ಸ್ ಬಿಡುಗಡೆ ಮಾಡಿತು. ನವೆಂಬರ್‌ನಲ್ಲಿ ಆಂಥ್ರೊಪಿಕ್, ಎಐ ಮಾಡೆಲ್‌ಗಳನ್ನು ಬೇರೆ ಸಾಫ್ಟ್‌ವೇರ್‌ಗಳಿಗೆ ಜೋಡಿಸಲು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಸಾಮಾನ್ಯ ವಿಧಾನವನ್ನು ಎಲ್ಲರಿಗೂ ತೆರೆದಿಟ್ಟಿತು. ಎಸ್‌ಎಪಿ ತನ್ನ ಜೂಲ್, ಮೈಕ್ರೋಸಾಫ್ಟ್ ತನ್ನ ಕೋಪೈಲಟ್, ಒರಾಕಲ್ ತನ್ನ ಏಜೆಂಟ್‌ಗಳನ್ನು ಇಆರ್‌ಪಿಯ ಒಳಗೇ ಕೂರಿಸುತ್ತಿವೆ.

ಒಂದು ಬಿಲ್ಲಿನ ಪಯಣ

ಅಕೌಂಟ್ಸ್‌ನಲ್ಲಿ ಹಳೆಯ ಒಂದು ಪದ್ಧತಿ ಇದೆ, ತ್ರೀ-ವೇ ಮ್ಯಾಚ್. ನಾವು ಎಷ್ಟು ಆರ್ಡರ್ ಮಾಡಿದೆವು, ಗೋದಾಮಿಗೆ ಎಷ್ಟು ಬಂತು, ಸಪ್ಲೈಯರ್ ಎಷ್ಟಕ್ಕೆ ಬಿಲ್ ಕಳಿಸಿದ, ಈ ಮೂರೂ ತಾಳೆಯಾದರೆ ಮಾತ್ರ ಪಾವತಿ. ಮೂರೂ ಸರಿಯಿದ್ದರೆ ಏಜೆಂಟೇ ಬೇಡ, ಇಆರ್‌ಪಿಯೇ ಮುಗಿಸುತ್ತದೆ.

ತಾಳೆಯಾಗದಿದ್ದಾಗ ಏಜೆಂಟ್ ನಿಜಕ್ಕೂ ಉಪಯುಕ್ತ. ನೂರು ಪೆಟ್ಟಿಗೆಗೆ ಬಿಲ್ ಬಂದಿದೆ, ಗೋದಾಮಿನ ದಾಖಲೆಯಲ್ಲಿ ತೊಂಬತ್ತು ಇದೆ ಅನ್ನಿ. ಏಜೆಂಟ್ ಹಳೆಯ ಇಮೇಲ್‌ಗಳನ್ನು ಹುಡುಕಿ, ಹತ್ತು ಪೆಟ್ಟಿಗೆ ಮುಂದಿನ ವಾರ ಬರುತ್ತದೆ ಎಂದು ಸಪ್ಲೈಯರ್ ಬರೆದದ್ದನ್ನು ತೆಗೆದು, ಸಾರಾಂಶ ಮಾಡಿ, ಸಪ್ಲೈಯರ್‌ಗೆ ಕಳಿಸಬೇಕಾದ ಉತ್ತರದ ಕರಡನ್ನೂ ಸಿದ್ಧಪಡಿಸುತ್ತದೆ. ಮನುಷ್ಯ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ ಕೆಲಸ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇದು ಪೊಳ್ಳು ಪ್ರಚಾರವಲ್ಲ.

ಕನ್ಸಲ್ಟಿಂಗ್, ರಿಪೇರಿ, ಲೀಗಲ್ ಫೀಸ್ ಥರದ ಸರ್ವಿಸ್ ಬಿಲ್‌ಗಳಿಗೆ ಮಾತ್ರ ಎಷ್ಟೋ ಸಲ ಪರ್ಚೇಸ್ ಆರ್ಡರ್ ಇರುವುದಿಲ್ಲ. ತಾಳೆ ನೋಡಲು ಏನೂ ಇಲ್ಲ. ನಾನು ಮೊದಲು ಹೇಳಿದ 38,400 ಡಾಲರ್‌ನ ಬಿಲ್ ಈ ಜಾತಿಯದು. ಇಲ್ಲಿ ಏಜೆಂಟ್ ನಂಬುವುದು ವೆಂಡರ್ ಮಾಸ್ಟರ್, ಅಂದರೆ ಸಪ್ಲೈಯರ್‌ಗಳ ಪಟ್ಟಿಯನ್ನು. ಆ ಪಟ್ಟಿಯೇ ಕೊಳಕಾಗಿದ್ದರೆ ಏಜೆಂಟ್ ಆ ಕೊಳಕನ್ನೇ ಹೆಚ್ಚು ವೇಗವಾಗಿ ಹರಡುತ್ತದೆ.

ಲೆಕ್ಕ ಮಾಡಿ ನೋಡೋಣ

ಎರಡು ಲೆಕ್ಕ ಇವೆ. ಮೊದಲನೆಯದು ಸಂಭಾವ್ಯತೆಯದು. ಒಂದು ಕೆಲಸದಲ್ಲಿ ಹತ್ತು ಹೆಜ್ಜೆ ಇವೆ, ಪ್ರತಿ ಹೆಜ್ಜೆಯಲ್ಲೂ ಏಜೆಂಟ್ ಶೇ. 95ರಷ್ಟು ಸರಿ ಅನ್ನಿ. ಕೇಳಲು ಚೆನ್ನಾಗಿದೆ. ಹತ್ತೂ ಹೆಜ್ಜೆ ಸರಿಯಾಗುವ ಸಾಧ್ಯತೆ ಎಷ್ಟು? 0.95ನ್ನು ಹತ್ತು ಸಲ ಗುಣಿಸಿ: ಸುಮಾರು ಶೇ. 60. ಪ್ರತಿ ಹೆಜ್ಜೆ ಶೇ. 99 ಸರಿಯಿದ್ದರೂ ಕೊನೆಗೆ ಸಿಗುವುದು ಶೇ. 90. ಚಕ್ರಬಡ್ಡಿ ನಮ್ಮ ಪರವಾಗಿ ಕೆಲಸ ಮಾಡುವುದನ್ನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇದು ಅದೇ ಗಣಿತ, ನಮಗೆ ಎದುರಾಗಿ. ಡೆಮೋದಲ್ಲಿ ಮೂರು ಹೆಜ್ಜೆಯ ಕೆಲಸ ತೋರಿಸುವುದು, ನಿಜದ ಕೆಲಸದಲ್ಲಿ ಹದಿನೈದು ಹೆಜ್ಜೆ ಇರುವುದು, ಎಷ್ಟೋ ಯೋಜನೆಗಳು ಎಡವುವುದು ಇಲ್ಲೇ.

ಎರಡನೆಯದು ದುಡ್ಡಿನ ಲೆಕ್ಕ. ಇಲ್ಲಿನ ಸಂಖ್ಯೆಗಳು ಉದಾಹರಣೆಗೆ ಮಾತ್ರ.

ಒಂದು ಕಂಪನಿಗೆ ತಿಂಗಳಿಗೆ 10,000 ಬಿಲ್ ಬರುತ್ತವೆ. ಮನುಷ್ಯರೇ ಮಾಡಿದರೆ ಬಿಲ್ಲಿಗೆ 6 ಡಾಲರ್, ಒಟ್ಟು 60,000 ಡಾಲರ್. ಈಗ ಏಜೆಂಟ್ ಬಂತು:

- 8,000 ಬಿಲ್‌ಗಳನ್ನು ಏಜೆಂಟೇ ಮುಗಿಸುತ್ತದೆ. ಬಿಲ್ಲಿಗೆ 50 ಸೆಂಟ್, ಒಟ್ಟು 4,000 ಡಾಲರ್.
- ಉಳಿದ 2,000 ಬಿಲ್ ಮನುಷ್ಯರಿಗೆ ಬರುತ್ತವೆ. ಸುಲಭದವೆಲ್ಲ ಏಜೆಂಟ್‌ಗೆ ಹೋಗಿದ್ದರಿಂದ ಇವು ಕಷ್ಟದವು. ಬಿಲ್ಲಿಗೆ 12 ಡಾಲರ್, ಒಟ್ಟು 24,000 ಡಾಲರ್.
- ಸಾಫ್ಟ್‌ವೇರ್, ಇಆರ್‌ಪಿ ಜೋಡಣೆ, ನಿರ್ವಹಣೆಗೆ ತಿಂಗಳಿಗೆ 10,000 ಡಾಲರ್.

ಒಟ್ಟು 38,000. ಉಳಿತಾಯ 22,000 ಡಾಲರ್. ಪ್ರೆಸೆಂಟೇಶನ್ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಇನ್ನೊಂದು ಸಾಲು ಸೇರಿಸಿ. ಮನುಷ್ಯರೂ ತಪ್ಪು ಮಾಡುತ್ತಾರೆ, ಅದನ್ನು ಬದಿಗಿಡೋಣ. ಅದಕ್ಕಿಂತ ಮೇಲೆ ಏಜೆಂಟ್‌ನಿಂದ ಆಗುವ ಹೆಚ್ಚುವರಿ ತಪ್ಪು ಶೇ. 0.5 ಅನ್ನಿ. 8,000ದಲ್ಲಿ 40 ಬಿಲ್. ಸರಾಸರಿ ಬಿಲ್ 2,000 ಡಾಲರ್ ಆದರೆ 80,000 ಡಾಲರ್ ತಪ್ಪಾಗಿ ಹೋಯಿತು. ಅದರಲ್ಲಿ ಶೇ. 80 ವಾಪಸ್ ಬಂದರೂ 16,000 ಡಾಲರ್ ಹೋದಂತೆ. ಉಳಿತಾಯ 22,000ದಿಂದ 6,000ಕ್ಕೆ ಇಳಿಯಿತು. ತಪ್ಪು ಶೇ. 0.75 ಆದರೆ ನಷ್ಟ 24,000, ಅಂದರೆ ಯೋಜನೆಯೇ ತಿಂಗಳಿಗೆ 2,000 ಡಾಲರ್ ನಷ್ಟದಲ್ಲಿ. ಶೇ. 0.25ಕ್ಕೆ ಇಳಿಸಿದರೆ 14,000 ಉಳಿತಾಯ.

ಇದರಿಂದ ಕಲಿತದ್ದು ಇಷ್ಟು: ಲಾಭ ನಿಂತಿರುವುದು ಎಷ್ಟು ಜನರನ್ನು ತೆಗೆದಿರಿ ಅನ್ನುವುದರ ಮೇಲಲ್ಲ, ಕಾಲು ಪರ್ಸೆಂಟ್ ತಪ್ಪಿನ ಮೇಲೆ. ಆ ಕಾಲು ಪರ್ಸೆಂಟ್ ಹಿಡಿಯುವವರು ಯಾರು? ಅನುಭವಸ್ಥರು. ಅವರನ್ನೇ ಮೊದಲು ಮನೆಗೆ ಕಳಿಸಿದರೆ ತಪ್ಪು ಎಷ್ಟಿದೆ ಅಂತ ಅಳೆಯುವವರೂ ಇರುವುದಿಲ್ಲ. ನನ್ನ ಮೊದಲ ಶೀಟಿನಲ್ಲಿ ಇದ್ದ ದೋಷ ಇದೇ.

ಇಆರ್‌ಪಿ ಕಲಿಸಿದ ಹಳೆಯ ಪಾಠ

"ಹೊಸ ಸಾಫ್ಟ್‌ವೇರ್ ಎಲ್ಲ ಸರಿಮಾಡುತ್ತದೆ" ಎಂಬ ಮಾತು ಇದು ಮೊದಲ ಸಲ ಕೇಳುತ್ತಿರುವುದಲ್ಲ.

1999ರಲ್ಲಿ ಅಮೆರಿಕದ ಚಾಕಲೇಟ್ ಕಂಪನಿ ಹರ್ಶೀ ಸುಮಾರು 11.2 ಕೋಟಿ ಡಾಲರ್ ಖರ್ಚಿನಲ್ಲಿ ಹೊಸ ಇಆರ್‌ಪಿ ಮತ್ತು ಅದಕ್ಕೆ ಸೇರಿದ ಸಾಫ್ಟ್‌ವೇರ್ ಹಾಕಿತು. ನಾಲ್ಕು ವರ್ಷದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿ, ಹ್ಯಾಲೋವೀನ್ ಆರ್ಡರ್‌ಗಳು ಬರುವ ಹೊತ್ತಿಗೇ ಚಾಲೂ ಮಾಡಿದರು. ಗೋದಾಮಿನಲ್ಲಿ ಚಾಕಲೇಟ್ ಇತ್ತು, ಆದರೆ ಸಿಸ್ಟಮ್‌ಗೆ ಅದು ಕಾಣಲಿಲ್ಲ. ಸುಮಾರು 10 ಕೋಟಿ ಡಾಲರ್‌ನ ಆರ್ಡರ್ ಪೂರೈಸಲಾಗದೆ ಆ ತ್ರೈಮಾಸಿಕದ ಲಾಭ ಶೇ. 19 ಕುಸಿಯಿತು.

ಜರ್ಮನಿಯ ಸೂಪರ್‌ಮಾರ್ಕೆಟ್ ಸರಣಿ ಲಿಡ್ಲ್, ಏಳು ವರ್ಷ ನಡೆಸಿದ ಎಸ್‌ಎಪಿ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ಪತ್ರಿಕಾ ವರದಿಗಳ ಪ್ರಕಾರ ಖರ್ಚಾದದ್ದು ಸುಮಾರು 50 ಕೋಟಿ ಯೂರೋ. ಒಂದು ಕಾರಣ ತೀರಾ ಸರಳ: ಲಿಡ್ಲ್ ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು, ಸಾಫ್ಟ್‌ವೇರ್‌ನ ಸಿದ್ಧ ಪದ್ಧತಿ ಮಾರುವ ಬೆಲೆಯದು. ತನ್ನ ಪದ್ಧತಿ ಬದಲಿಸಲು ಕಂಪನಿ ಒಪ್ಪಲಿಲ್ಲ, ಸಾಫ್ಟ್‌ವೇರನ್ನು ಬಗ್ಗಿಸುತ್ತಾ ಹೋದಂತೆ ಖರ್ಚು ಬೆಳೆಯಿತು.

ಎರಡರಲ್ಲೂ ತಂತ್ರಜ್ಞಾನ ಕೆಟ್ಟದ್ದಾಗಿರಲಿಲ್ಲ. ಡೇಟಾ, ಪದ್ಧತಿ, ಅವಸರ, ಇವೇ ಮುಳುಗಿಸಿದ್ದು. ಏಜೆಂಟ್ ನಿಲ್ಲುವುದು ಇದೇ ತಳಪಾಯದ ಮೇಲೆ. ಇಂದಿಗೂ ಎಷ್ಟೋ ದೊಡ್ಡ ಕಂಪನಿಗಳು ಎಸ್‌ಎಪಿಯ ಹಳೆಯ ಆವೃತ್ತಿಯಲ್ಲೇ ಇವೆ. ಅದರ ಮುಖ್ಯ ಸಪೋರ್ಟ್ 2027ರ ಕೊನೆಗೆ ಮುಗಿಯುತ್ತದೆ. ಹಾಗಾಗಿ "ನಾವು ಏಜೆಂಟ್ ತರುತ್ತಿದ್ದೇವೆ" ಎನ್ನುವ ಕಂಪನಿ ಇಆರ್‌ಪಿ ಬದಲಾವಣೆಯನ್ನು ಮುಗಿಸಿದೆಯೋ, ನಡುದಾರಿಯಲ್ಲಿದೆಯೋ ಎಂದು ನೋಡಿ. ಅಡಿಪಾಯ ಅಗೆಯುತ್ತಿರುವಾಗಲೇ ಮೇಲೆ ಮಹಡಿ ಕಟ್ಟುವುದು ಒಳ್ಳೆಯದಲ್ಲ.

ಹೊಸ ಕಾಲದ ಎರಡು ಪ್ರಕರಣ

ಸ್ವೀಡನ್ನಿನ ಪಾವತಿ ಕಂಪನಿ ಕ್ಲಾರ್ನಾ 2024ರ ಫೆಬ್ರುವರಿಯಲ್ಲಿ ದೊಡ್ಡ ಸುದ್ದಿ ಮಾಡಿತು. ತನ್ನ ಎಐ ಸಹಾಯಕ ಮೊದಲ ತಿಂಗಳಲ್ಲೇ 23 ಲಕ್ಷ ಗ್ರಾಹಕ ಸಂಭಾಷಣೆ ನಿಭಾಯಿಸಿತು, ಅದು 700 ಪೂರ್ಣಾವಧಿ ಸಿಬ್ಬಂದಿಯ ಕೆಲಸಕ್ಕೆ ಸಮ, ಆ ವರ್ಷ ಲಾಭ 4 ಕೋಟಿ ಡಾಲರ್ ಹೆಚ್ಚಬಹುದು ಎಂದು ಕಂಪನಿ ಹೇಳಿತು. 2025ರ ಮೇ ತಿಂಗಳಲ್ಲಿ ಅದೇ ಕಂಪನಿಯ ಸಿಇಒ, ಖರ್ಚು ಉಳಿಸುವುದಕ್ಕೆ ಅತಿಯಾಗಿ ಒತ್ತು ಕೊಟ್ಟಿದ್ದರಿಂದ ಗುಣಮಟ್ಟ ಕುಸಿಯಿತು ಎಂದು ಒಪ್ಪಿಕೊಂಡು, ಗ್ರಾಹಕರಿಗೆ ಬೇಕಾದಾಗ ಮನುಷ್ಯರು ಸಿಗುವಂತೆ ಮತ್ತೆ ನೇಮಕ ಶುರು ಮಾಡಿದರು. ಎಐಯನ್ನು ಅವರು ಬಿಟ್ಟಿಲ್ಲ. ಮನುಷ್ಯರ ಜಾಗ ಎಲ್ಲಿ ಅನ್ನುವುದನ್ನು ಮರುಲೆಕ್ಕ ಮಾಡಿದರು.

ಇನ್ನೊಂದು ಏರ್ ಕೆನಡಾದ್ದು. ಸಾವಿನ ಕಾರಣಕ್ಕೆ ಪ್ರಯಾಣಿಸುವವರಿಗೆ ಸಿಗುವ ರಿಯಾಯಿತಿಯನ್ನು ಪ್ರಯಾಣದ ನಂತರವೂ ಕೇಳಬಹುದು ಎಂದು ಕಂಪನಿಯ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ತಪ್ಪಾಗಿ ಹೇಳಿತು. ಕಂಪನಿ ಹಣ ಕೊಡಲು ಒಪ್ಪಲಿಲ್ಲ. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಟ್ರಿಬ್ಯೂನಲ್, ಚಾಟ್‌ಬಾಟ್ ಹೇಳಿದ್ದಕ್ಕೂ ಕಂಪನಿಯೇ ಹೊಣೆ ಎಂದು ತೀರ್ಪು ಕೊಟ್ಟು ಸುಮಾರು 812 ಕೆನಡಿಯನ್ ಡಾಲರ್ ಕೊಡಿಸಿತು. ಮೊತ್ತ ಚಿಕ್ಕದು, ತತ್ವ ದೊಡ್ಡದು: ಏಜೆಂಟ್ ಕೊಟ್ಟ ಮಾತು ಕಂಪನಿ ಕೊಟ್ಟ ಮಾತು.

ಬೀಗದ ಕೈ ಯಾರ ಹತ್ತಿರ?

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಮೇಕರ್-ಚೆಕರ್ ಗೊತ್ತು. ಎಂಟ್ರಿ ಮಾಡುವವರು ಒಬ್ಬರು, ಪಾಸ್ ಮಾಡುವವರು ಇನ್ನೊಬ್ಬರು. ಎನ್ರಾನ್, ವರ್ಲ್ಡ್‌ಕಾಮ್ ಹಗರಣಗಳ ನಂತರ ಅಮೆರಿಕದಲ್ಲಿ 2002ರಲ್ಲಿ ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯ ಪ್ರಕಾರ, ಲಿಸ್ಟ್ ಆದ ಕಂಪನಿಗಳ ಆಡಳಿತ ತನ್ನ ಹಣಕಾಸು ವರದಿಯ ಒಳ ನಿಯಂತ್ರಣಗಳು ಸರಿಯಿವೆಯೇ ಎಂದು ಪ್ರತಿ ವರ್ಷ ಪರಿಶೀಲಿಸಿ ವರದಿ ಕೊಡಬೇಕು. ಸಿಇಒ, ಸಿಎಫ್‌ಒ ಸಹಿ ಹಾಕಬೇಕು. ಏಜೆಂಟ್ ಸಹಿ ಹಾಕುವುದಿಲ್ಲ, ಜೈಲಿಗೂ ಹೋಗುವುದಿಲ್ಲ.

ಒಂದೇ ಏಜೆಂಟ್‌ಗೆ ಸಪ್ಲೈಯರ್ ಸೇರಿಸುವ, ಬಿಲ್ ಎಂಟ್ರಿ ಮಾಡುವ, ಪಾವತಿ ಬಿಡುಗಡೆ ಮಾಡುವ ಮೂರೂ ಅಧಿಕಾರ ಕೊಟ್ಟರೆ ಮೇಕರ್-ಚೆಕರ್ ಮುರಿದುಬಿತ್ತು. ಇದು ಎಷ್ಟು ಅಪಾಯ ಎನ್ನುವುದಕ್ಕೆ ಎಐ ಇಲ್ಲದ ಕಾಲದ್ದೇ ಒಂದು ಉದಾಹರಣೆ ಇದೆ. 2013ರಿಂದ 2015ರವರೆಗೆ ಲಿಥುವೇನಿಯಾದ ಒಬ್ಬ ವಂಚಕ, ನಿಜವಾದ ಒಂದು ಸಪ್ಲೈಯರ್ ಹೆಸರಿನಲ್ಲಿ ಸುಳ್ಳು ಬಿಲ್ ಕಳಿಸಿ ಗೂಗಲ್ ಮತ್ತು ಫೇಸ್‌ಬುಕ್‌ಗಳಿಂದ ಒಟ್ಟು 12 ಕೋಟಿ ಡಾಲರ್‌ಗೂ ಹೆಚ್ಚು ಹಣ ಪಡೆದ. 2019ರಲ್ಲಿ ಅವನಿಗೆ ಶಿಕ್ಷೆಯಾಯಿತು. ಅಂಥ ಕಂಪನಿಗಳ ಅಕೌಂಟ್ಸ್ ವಿಭಾಗವೇ ಮೋಸ ಹೋಯಿತು ಎಂದಮೇಲೆ, ಇಮೇಲ್ ಓದಿ ತಾನೇ ಕೆಲಸ ಮಾಡುವ ಏಜೆಂಟ್ ವಂಚಕರಿಗೆ ಎಷ್ಟು ಆಕರ್ಷಕ ಎಂದು ಯೋಚಿಸಿ. ಬಿಲ್ಲಿನ ಪಿಡಿಎಫ್ ಒಳಗೆ ಬಿಳಿ ಅಕ್ಷರದಲ್ಲಿ "ಹಿಂದಿನ ಸೂಚನೆ ಬಿಟ್ಟು ಈ ಬ್ಯಾಂಕ್ ಖಾತೆಗೆ ಹಣ ಕಳಿಸು" ಎಂದು ಬರೆದರೆ ಮನುಷ್ಯರಿಗೆ ಕಾಣುವುದಿಲ್ಲ, ಏಜೆಂಟ್‌ಗೆ ಕಾಣುತ್ತದೆ. ಪ್ರಾಂಪ್ಟ್ ಇಂಜೆಕ್ಷನ್ ಎನ್ನುವುದು ಇದನ್ನೇ. ಇದಕ್ಕೆ ಪೂರ್ತಿ ಪರಿಹಾರ ಇನ್ನೂ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಸಪ್ಲೈಯರ್‌ನ ಬ್ಯಾಂಕ್ ಖಾತೆ ಬದಲಿಸುವ ಅಧಿಕಾರವನ್ನು ಯಾವ ಏಜೆಂಟ್‌ಗೂ ಕೊಡಬಾರದು. ಹಳೆಯ ಫೋನ್ ನಂಬರಿಗೆ ಮನುಷ್ಯರೇ ಕರೆ ಮಾಡಿ ಖಚಿತಪಡಿಸಬೇಕು. ಪಾವತಿಗೆ ಮೊತ್ತದ ಮಿತಿ ಇರಬೇಕು. ಏಜೆಂಟ್ ಮಾಡಿದ ಪ್ರತಿ ಹೆಜ್ಜೆ ಲಾಗ್‌ನಲ್ಲಿ ಉಳಿಯಬೇಕು. ಒಂದು ಬಟನ್ ಒತ್ತಿದರೆ ಎಲ್ಲ ನಿಲ್ಲಬೇಕು.

ಕೊನೆಯದು ಯಾಕೆ ಎಂದರೆ, 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕಿರಲಿಲ್ಲ. ಹಳೆಯ ಕೋಡ್ ಎದ್ದು ಕೂತು ಸುಮಾರು 45 ನಿಮಿಷ ತಪ್ಪು ಆರ್ಡರ್ ಕಳಿಸುತ್ತಲೇ ಹೋಯಿತು. ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಕಂಪನಿ ಸ್ವತಂತ್ರವಾಗಿ ಉಳಿಯಲಿಲ್ಲ. ಅದು ಎಐ ಕೂಡ ಆಗಿರಲಿಲ್ಲ. ಬ್ರೇಕ್ ಇಲ್ಲದ ವೇಗ, ಅಷ್ಟೇ.

ಹೂಡಿಕೆದಾರರು ನೋಡಬೇಕಾದದ್ದು

ಏಜೆಂಟ್ ಮಾರುವ ಕಂಪನಿಗಳಲ್ಲಿ ಆಗುತ್ತಿರುವ ದೊಡ್ಡ ಬದಲಾವಣೆ ಬೆಲೆಯದು. ಈ ಸಾಫ್ಟ್‌ವೇರ್ ಬಹುಕಾಲ ಸೀಟ್ ಲೆಕ್ಕದಲ್ಲಿ, ಅಂದರೆ ಎಷ್ಟು ಜನ ಬಳಸುತ್ತಾರೋ ಅಷ್ಟು ಲೈಸೆನ್ಸ್ ಎಂದು ಮಾರಾಟವಾಗಿದೆ. ಏಜೆಂಟ್‌ನಿಂದ ಗ್ರಾಹಕ ಕಂಪನಿಯಲ್ಲಿ ಜನ ಕಡಿಮೆಯಾದರೆ ಸೀಟುಗಳೂ ಕಡಿಮೆ. ಅದಕ್ಕೇ ಸೇಲ್ಸ್‌ಫೋರ್ಸ್ ಏಜೆಂಟ್‌ಫೋರ್ಸ್‌ಗೆ ಮೊದಲು ಒಂದು ಸಂಭಾಷಣೆಗೆ 2 ಡಾಲರ್ ಎಂದಿತು, 2025ರ ಮೇನಲ್ಲಿ ಒಂದು ಕ್ರಿಯೆಗೆ 10 ಸೆಂಟ್ ಎಂಬ ಇನ್ನೊಂದು ಲೆಕ್ಕವನ್ನೂ ತಂದಿತು. ಬಾಡಿಗೆ ಮನೆಯಿಂದ ಮೀಟರ್ ಟ್ಯಾಕ್ಸಿಗೆ ಬಂದ ಹಾಗೆ. ಆದಾಯ ಏರಬಹುದು, ಇಳಿಯಬಹುದು, ಆದರೆ ಮೊದಲಿನಷ್ಟು ಸುಲಭವಾಗಿ ಅಂದಾಜು ಮಾಡಲಾಗದು. ಇಂಥ ಷೇರಿಗೆ ಹಳೆಯ ಪಿಇ ಕೊಡುವ ಮುನ್ನ ಇದನ್ನು ಯೋಚಿಸಿ.

ಬೆಂಗಳೂರಿನ ಐಟಿ ಸರ್ವಿಸ್ ಕಂಪನಿಗಳ ಷೇರು ನಮ್ಮಲ್ಲಿ ಬಹಳ ಜನರ ಹತ್ತಿರ ಇದೆ. ಅವುಗಳ ಆದಾಯದ ದೊಡ್ಡ ಭಾಗ ಇಂದಿಗೂ ಜನ ಮತ್ತು ಗಂಟೆಗಳ ಲೆಕ್ಕ. ಏಜೆಂಟ್‌ಗಳು ಬಂದರೆ ಗಂಟೆಗಳು ಕಡಿಮೆಯಾಗುತ್ತವೆ, ಆದರೆ ಡೇಟಾ ಶುಚಿ ಮಾಡುವ, ಹಳೆಯ ಇಆರ್‌ಪಿ ಬದಲಿಸುವ, ನಿಯಂತ್ರಣ ಕಟ್ಟುವ ಕೆಲಸ ಹೆಚ್ಚುತ್ತದೆ. ಯಾವುದು ಗೆಲ್ಲುತ್ತದೆ ಎನ್ನುವುದನ್ನು ಪ್ರತಿ ತ್ರೈಮಾಸಿಕದಲ್ಲಿ ಒಬ್ಬ ನೌಕರನಿಗೆ ಎಷ್ಟು ಆದಾಯ ಬರುತ್ತಿದೆ ಎಂದು ನೋಡಿ ಅಳೆಯಬಹುದು.

ಪ್ರಚಾರದ ಬಗ್ಗೆ ಎಚ್ಚರ. 2024ರ ಮಾರ್ಚ್‌ನಲ್ಲಿ ಅಮೆರಿಕದ ಎಸ್‌ಇಸಿ, ಎಐ ಬಳಕೆಯ ಬಗ್ಗೆ ಸುಳ್ಳು ಹೇಳಿದ್ದಕ್ಕೆ ಎರಡು ಹೂಡಿಕೆ ಸಲಹಾ ಸಂಸ್ಥೆಗಳಿಂದ ಒಟ್ಟು 4 ಲಕ್ಷ ಡಾಲರ್ ದಂಡ ವಸೂಲು ಮಾಡಿತು. 2027ರ ಕೊನೆಯೊಳಗೆ ಏಜೆಂಟ್ ಯೋಜನೆಗಳಲ್ಲಿ ಶೇ. 40ಕ್ಕೂ ಹೆಚ್ಚು ರದ್ದಾಗುತ್ತವೆ ಎಂದು ಗಾರ್ಟ್ನರ್ 2025ರ ಜೂನ್‌ನಲ್ಲಿ ಅಂದಾಜು ಮಾಡಿತು. ಅಂದಾಜು ಅಂದಾಜೇ, ಆದರೆ ಕಾರಣಗಳಾಗಿ ಅವರು ಹೇಳಿದ್ದು ಏರುವ ಖರ್ಚು, ಸ್ಪಷ್ಟವಿಲ್ಲದ ಲಾಭ, ಸಾಲದ ನಿಯಂತ್ರಣ. ಮೇಲಿನ ಲೆಕ್ಕದಲ್ಲಿ ನೀವು ಕಂಡದ್ದೂ ಇವನ್ನೇ.

ವಾರ್ಷಿಕ ವರದಿ ಓದುವಾಗ, ಅರ್ನಿಂಗ್ಸ್ ಕಾಲ್ ಕೇಳುವಾಗ ನಾನು ಹುಡುಕುವ ಐದು ಉತ್ತರಗಳು:

1. ಏಜೆಂಟ್ ಪ್ರಯೋಗದಲ್ಲಿದೆಯೋ, ನಿಜದ ಕೆಲಸದಲ್ಲಿದೆಯೋ? ಒಟ್ಟು ಕೆಲಸದಲ್ಲಿ ಎಷ್ಟು ಪಾಲು?
2. ಉಳಿತಾಯ ಲಾಭ-ನಷ್ಟ ಖಾತೆಯ ಯಾವ ಸಾಲಿನಲ್ಲಿ ಕಾಣುತ್ತಿದೆ? ಆಡಳಿತ ವೆಚ್ಚದಲ್ಲಿ ಕಾಣದ ಉಳಿತಾಯ ಸ್ಲೈಡಿನಲ್ಲಿ ಮಾತ್ರ ಇರುತ್ತದೆ.
3. ಸಾಫ್ಟ್‌ವೇರ್ ಮತ್ತು ಕ್ಲೌಡ್ ಖರ್ಚು ಅದೇ ಸಮಯದಲ್ಲಿ ಎಷ್ಟು ಏರಿತು?
4. ಇಆರ್‌ಪಿ ಹೊಸದೇ, ಹಳೆಯದೇ, ಬದಲಾವಣೆಯ ನಡುವೆಯೇ?
5. ಒಳ ನಿಯಂತ್ರಣದಲ್ಲಿ ಗಂಭೀರ ದೋಷ ಎಂದು ಕಂಪನಿ ಅಥವಾ ಆಡಿಟರ್ ಹೇಳಿದ್ದಾರೆಯೇ? ಹೇಳಿದ್ದರೆ, ಅಲ್ಲಿ ಏಜೆಂಟ್ ಬಂದಿದೆ ಎನ್ನುವುದು ಸಂತೋಷದ ಸುದ್ದಿಯಲ್ಲ.

ಕೆಲಸದಲ್ಲಿರುವವರಿಗೆ ಒಂದು ಮಾತು

ಇನ್‌ವಾಯ್ಸ್ ಟೈಪ್ ಮಾಡುವುದು, ಎರಡು ಶೀಟ್ ತಾಳೆ ನೋಡುವುದು, ಸ್ಟೇಟಸ್ ಕೇಳಿ ಇಮೇಲ್ ಹಾಕುವುದು, ಇವೇ ದಿನವಿಡೀ ನಿಮ್ಮ ಕೆಲಸವಾಗಿದ್ದರೆ ಆ ಕೆಲಸ ಕಡಿಮೆಯಾಗುತ್ತದೆ. ಇಲ್ಲಿರುವವರಿಗೂ, ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ವಿದೇಶಿ ಕಂಪನಿಗಳ ಲೆಕ್ಕ ನೋಡುವ ನಮ್ಮ ತಮ್ಮ, ತಂಗಿಯರಿಗೂ ಇದನ್ನು ಸಿಹಿ ಲೇಪಿಸಿ ಹೇಳಿ ಪ್ರಯೋಜನವಿಲ್ಲ. ಆದರೆ ಯಾಕೆ ತಾಳೆಯಾಗಲಿಲ್ಲ ಎಂದು ಗೊತ್ತಿರುವವರು, ಮಾಸ್ಟರ್ ಡೇಟಾ ಶುಚಿಯಾಗಿ ಇಡುವವರು, ಏಜೆಂಟ್‌ಗೆ ಯಾವ ಅಧಿಕಾರ ಕೊಡಬೇಕು ಎಂದು ತೀರ್ಮಾನಿಸಬಲ್ಲವರು, ಆಡಿಟರ್ ಮುಂದೆ ಅದನ್ನು ವಿವರಿಸಬಲ್ಲವರು ಬೇಕಾಗುತ್ತಾರೆ. ಸಾಧ್ಯವಾದರೆ ಈಗಲೇ ಆ ಕಡೆ ಒಂದು ಹೆಜ್ಜೆ ಸರಿಯಿರಿ. ಆರು ತಿಂಗಳ ಖರ್ಚಿನ ತುರ್ತು ನಿಧಿ ಎಂದು ನಾನು ಯಾವಾಗಲೂ ಹೇಳುವುದನ್ನು, ವೀಸಾದ ಮೇಲೆ ಇರುವವರು ಇನ್ನೂ ಸ್ವಲ್ಪ ಹೆಚ್ಚು ಮಾಡಿಕೊಂಡರೆ ತಪ್ಪಿಲ್ಲ.

ನನ್ನ ಶೀಟಿನ ಕಥೆ ಮುಗಿಸುತ್ತೇನೆ. ಡಬಲ್ ಪಾವತಿ ಸಿಕ್ಕ ಮೇಲೆ ನಾನು ಅದನ್ನು ಮತ್ತೆ ಬರೆದೆ. ಮೊದಲ ಮೂರು ತಿಂಗಳು ಏಜೆಂಟ್ ಸಲಹೆ ಮಾತ್ರ ಕೊಡುವುದು, ಪಾವತಿ ಇಲ್ಲ. ವೆಂಡರ್ ಮಾಸ್ಟರ್ ಶುಚಿ ಮಾಡಲು ಪ್ರತ್ಯೇಕ ಬಜೆಟ್. ನಾಲ್ವರ ಬದಲು ಇಬ್ಬರು ಕಡಿಮೆ, ಅದೂ ಒಂದು ವರ್ಷದ ನಂತರ, ಬೇರೆ ವಿಭಾಗಕ್ಕೆ ಹೋಗುವ ಅವಕಾಶದ ಜೊತೆ. ಉಳಿತಾಯದ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಮೀಟಿಂಗ್‌ನಲ್ಲಿ ಯಾರಿಗೂ ಅದು ಇಷ್ಟವಾಗಲಿಲ್ಲ, ಆದರೆ ತಪ್ಪು ಎಂದು ಯಾರೂ ತೋರಿಸಲಿಲ್ಲ. ಆ ಮಹಿಳೆಗೆ ವೆಂಡರ್ ಮಾಸ್ಟರ್‌ನ ಜವಾಬ್ದಾರಿ ಸಿಕ್ಕಿತು. ಒಂದೇ ಸಪ್ಲೈಯರ್ ಎರಡು ಹೆಸರಿನಲ್ಲಿ ಇದ್ದ ಇನ್ನೂ ಎಷ್ಟೋ ದಾಖಲೆಗಳನ್ನು ಅವರು ಹುಡುಕಿ ತೆಗೆದರು. ಹುಡುಕಲು ಬಳಸಿದ್ದು ಅದೇ ಏಜೆಂಟನ್ನು. ಒಂದು ಮಾಡುವ ಮೊದಲು, ಪ್ರತಿಯೊಂದನ್ನೂ ನೋಡಿ ಒಪ್ಪಿಗೆ ಕೊಟ್ಟದ್ದು ಅವರು.

ಎಂದಿನಂತೆ: ಇದು ಮಾಹಿತಿಗಾಗಿ ಬರೆದದ್ದು, ಯಾವ ಷೇರನ್ನೂ ಕೊಳ್ಳಿ ಅಥವಾ ಮಾರಿ ಎಂಬ ಸಲಹೆಯಲ್ಲ. ಮುಂದಿನ ಸಲ ಸೀಟ್ ಲೆಕ್ಕದಿಂದ ಬಳಕೆ ಲೆಕ್ಕಕ್ಕೆ ಹೋಗುವ ಸಾಫ್ಟ್‌ವೇರ್ ಕಂಪನಿಗಳ ಬೆಲೆ ಕಟ್ಟುವುದು ಹೇಗೆ ಎಂದು ನೋಡೋಣ.